ಈಶಾನ್ಯಕ್ಕೆ ತಿರುಗಿದ ಡಿಸ್ಟ್ರಿಬ್ಯೂಟರ್

ಕಟ್ಟೆಮಳಲವಾಡಿಯ ಚೆಲುವರಾಜುವಿಗೆ ಬುದ್ಧಿ ಇಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಊರಿನ ಹಾಲಿನ ಡೈರಿಯಲ್ಲಿ ಕೂತು, ಕ್ಯಾನಿಗೆ ಲ್ಯಾಕ್ಟೋಮೀಟರ್ ಅದ್ದಿ, ಯಾರ ಹಸು ಎಷ್ಟು ನೀರು ಕೊಡುತ್ತದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವನು ಅವನು. ಬುದ್ಧಿ ಇತ್ತು. ಬೇಕಾದ ಹೊತ್ತಿಗೆ ಮನೆಯಲ್ಲಿರುತ್ತಿರಲಿಲ್ಲ, ಅಷ್ಟೆ.

ಅಪ್ಪ ಅವ್ವ ಹೋದ ಮೇಲೆ ತಂಗಿ ಉಷಾರಾಣಿಯನ್ನು ಅವನೇ ಸಾಕಿ, ಓದಿಸಿ, ಹುಣಸೂರಿನಾಚೆಯ ಹ್ಯಾಂಡ್‌ಪೋಸ್ಟಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ನಿಂಗಯ್ಯನವರ ಮಗನಿಗೆ ಕೊಟ್ಟು ಮದುವೆ ಮಾಡಿದ್ದ. ಅಲ್ಲಿಯವರೆಗೆ ಎಲ್ಲ ಸರಿ. ಮದುವೆಯ ದಿನ ಹೆಣ್ಣಿನ ಕಡೆಯವರು ಹೊಗೆಸೊಪ್ಪಿನ ಬೇಲು ಸಾಗಿಸುವ ಟೆಂಪೋದಲ್ಲಿ ಹೋಗಿ ಛತ್ರದ ಮುಂದೆ ಇಳಿದರು. ಬಾಗಿಲಲ್ಲಿ ನಿಂತಿದ್ದ ನಿಂಗಯ್ಯನವರು, "ಟೆಂಪೋದಲ್ ಬಂದ್ರಾ?" ಎಂದರು. ಪಾಪ, ಮೈಕೈ ನೊಂದಿರಬೇಕು, ಮೊದಲು ಕಾಫಿ ಕುಡಿಯಿರಿ ಎಂದೂ ಅಂದರು. ಆದರೆ ಮೊದಲ ಮಾತಿಗೇ ಚೆಲುವರಾಜುವಿನ ಕಿವಿ ಬಾಗಿಲು ಹಾಕಿಕೊಂಡಾಗಿತ್ತು. ಬೀಗರು ನಾಲ್ಕು ಜನರ ಮುಂದೆ ತನ್ನ ಮರ್ಯಾದೆ ತೆಗೆದರು ಎಂದುಕೊಂಡ. ತಂಗಿಯನ್ನು ಚೊಚ್ಚಲ ಬಾಣಂತನಕ್ಕೆ ಕರೆತರುವ ದಿನ ಸ್ವಂತ ಕಾರು ತೆಗೆದುಕೊಂಡು ಹೋಗಿ ಅವರ ಅಂಗಡಿ ಮುಂದೆಯೇ ನಿಲ್ಲಿಸದಿದ್ದರೆ ತಾನು ಅಪ್ಪನಿಗೆ ಹುಟ್ಟಿದ ಮಗನೇ ಅಲ್ಲ ಎಂದು ಶಪಥ ಮಾಡಿದ. ನಿಮ್ಮ ಶಪಥಕ್ಕೆ ತೀರಿಕೊಂಡ ಮಾವನವರನ್ನು ಯಾಕೆ ಎಳೀತೀರಿ ಎಂದು ಹೆಂಡತಿ ಸುನಂದಮ್ಮ ಆಗಲೇ ಕೇಳಿದಳು.

ಕಾರು ಸಿಕ್ಕಿತು. ಹುಣಸೂರಿನ ವಯಸ್ಸಾದ ಡಾಕ್ಟರೊಬ್ಬರು ಹಲಸಿನ ಮರದ ಕೆಳಗೆ ನಿಲ್ಲಿಸಿ ಮರೆತಿದ್ದ ಹಳೇ ಫಿಯಟ್ಟು. ಕೀ ಕೊಟ್ಟವರೇ ಡಾಕ್ಟರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆದರೂ ಸತ್ಯ ಹೇಳಬೇಕು, ಕಾರು ಓಡುತ್ತಿತ್ತು. ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ, ತಿಣುಕುತ್ತ ನರಳುತ್ತ ಓಡುತ್ತಿತ್ತು. ಕೈ ಹಾಕದೆ ಬಿಟ್ಟಿದ್ದರೆ ಹ್ಯಾಂಡ್‌ಪೋಸ್ಟಿಗೂ ಓಡುತ್ತಿತ್ತು.

ಬಿಡುತ್ತಾನೆಯೇ? ಹೊರಡುವ ಹಿಂದಿನ ದಿನ ಕಾರನ್ನು ಹೊರಗೆಲ್ಲ ತೊಳೆದ. ಬೀಗರ ಮನೆಗೆ ಹೋಗುವ ಕಾರು ಒಳಗೂ ಹೊಳೆಯಬೇಕಲ್ಲ ಎಂದು ಬಾನೆಟ್ ಎತ್ತಿದ. ಅಲ್ಲಿ ಕರೀ ಟೋಪಿ ಹಾಕಿಕೊಂಡು, ತಲೆಯಿಂದ ವೈರುಗಳನ್ನು ಚಾಚಿಕೊಂಡು ಡಿಸ್ಟ್ರಿಬ್ಯೂಟರ್ ಕೂತಿತ್ತು. ಇಂಜಿನ್ನಿನ ನಾಲ್ಕು ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಸಾಮಾನು ಅದು. ರೇಷನ್ ಅಂಗಡಿಯ ಹಾಗೆ, ಸರದಿ ತಪ್ಪಿದರೆ ಅಲ್ಲಿ ಗಲಾಟೆಯೇ. ಚೆಲುವರಾಜು ಬೋಲ್ಟು ಸಡಿಲಿಸಿ ಅದನ್ನು ಬುಡಸಮೇತ ಕಿತ್ತ. ಸೀಮೆಎಣ್ಣೆಯಲ್ಲಿ ಮೀಯಿಸಿ, ತುಳಸಿಕಟ್ಟೆಯ ಮೇಲೆ ಬಿಸಿಲಿಗೆ ಒಣಗಿಸಿ, ಸಂಜೆ ಹೋಗಿ ತೂತಿಗೆ ತುರುಕಿದ. ಕೀಳುವಾಗ ಯಾವ ಕಡೆಗೆ ತಿರುಗಿತ್ತು ಎಂದು ನೋಡಿಕೊಂಡಿದ್ದನೇ ಎಂದು ಕೇಳಬೇಡಿ. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಚಕ್ರಕ್ಕೆ ನಿಂಬೆಹಣ್ಣಿಟ್ಟು ಕೀ ತಿರುಗಿಸಿದ. ಇಂಜಿನ್ನು ಗಂಟಲು ಸರಿಮಾಡಿಕೊಂಡಿತೇ ಹೊರತು ಮಾತಾಡಲಿಲ್ಲ.

ಬೇರೆ ದಿನವಾಗಿದ್ದರೆ ನಾಳೆ ನೋಡೋಣ ಎನ್ನಬಹುದಿತ್ತು. ನಾಳೆ ಅಮಾವಾಸ್ಯೆ. ಅದು ಕಳೆದರೆ ಉಷಾರಾಣಿಗೆ ಎಂಟಕ್ಕೆ ಬೀಳುತ್ತದೆ. ಎಂಟನೇ ತಿಂಗಳಲ್ಲಿ ಬಸುರಿಯನ್ನು ಊರು ದಾಟಿಸುವ ಪದ್ಧತಿ ಅವರಲ್ಲಿಲ್ಲ. ತವರಿನವರು ಬಂದು ಕರೆಯದೆ ಹೆಣ್ಣುಮಗಳು ತಾನಾಗಿ ಹೊಸಿಲು ದಾಟುವುದೂ ಇಲ್ಲ. ದಾಟಿದರೆ ಜಗಳವಾಡಿಕೊಂಡು ಬಂದಳು ಎಂದೇ ಊರು ತಿಳಿಯುವುದು. ತವರು ಅಂತ ಆ ಹುಡುಗಿಗೆ ಇದ್ದವನು ಈ ಅಣ್ಣ ಒಬ್ಬನೇ. ಅವಳು ಬೆಳಿಗ್ಗೆಯೇ ತಲೆಗೆ ಹೂ ಮುಡಿದು, ಬ್ಯಾಗು ಜಗಲಿಗಿಟ್ಟು ಕಾಯುತ್ತಿದ್ದಳು.

ಸುನಂದಮ್ಮ ಒಂದು ದಾರಿ ಹೇಳಿದಳು. ಈಗಲೇ ಬಸ್ಸು ಹತ್ತಿ ಹೋಗಿ, ಬರುವಾಗ ಒಂದು ಬಾಡಿಗೆ ಕಾರು ಮಾಡಿಕೊಂಡು ಕರೆತನ್ನಿ, ಮಧ್ಯಾಹ್ನಕ್ಕೆ ಊಟಕ್ಕೆ ಕೂರಬಹುದು ಎಂದಳು. ಕಾರಿನ ಯಜಮಾನ ಬಸ್ಸಿನಲ್ಲಿ ಹೋಗುವುದೆಂದರೆ ಬೀಗರ ಮುಂದೆ ಮತ್ತೊಂದು ಸಲ ಟೆಂಪೋದಿಂದ ಇಳಿದ ಹಾಗೆ ಎಂದು ಚೆಲುವರಾಜು ಸಿಟ್ಟಾದ. ತಂಗಿಗೆ ಫೋನು ಮಾಡಿ, "ಒಂಟೇಬುಟ್ಟೆ ಕಣವ್ವ, ಗಾಡಿ ಆಚೆ ತೆಗೀತಾ ಇವ್ನಿ" ಎಂದ. ಇಂಥ ಸುಳ್ಳಿಗೆ ಕಾಲಿರುವುದಿಲ್ಲ. ಇದಕ್ಕೆ ಚಕ್ರವೂ ಇರಲಿಲ್ಲ.

ಪಕ್ಕದ ಮನೆಯ ನಂಜಯ್ಯ ಬಂದ. ಹರೆಯದಲ್ಲಿ ಲಾರಿಗೆ ಕ್ಲೀನರಾಗಿ ಮಂಗಳೂರಿನವರೆಗೆ ಹೋಗಿ ಬಂದಿದ್ದರಿಂದ ಇಂಜಿನ್ನುಗಳ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು. ಇಬ್ಬರೂ ಮೊಬೈಲಿನಲ್ಲಿ ವಿಡಿಯೋ ನೋಡಿದರು. ವಿಡಿಯೋದವನು ಹಿಂದಿಯಲ್ಲಿ ಹೇಳುತ್ತಿದ್ದ. ಒಂದನೇ ಸಿಲಿಂಡರಿನ ಪಿಸ್ಟನ್ನು ಮೇಲೆ ಬಂದ ಗಳಿಗೆಗೆ ಡಿಸ್ಟ್ರಿಬ್ಯೂಟರಿನ ಒಳಗೆ ತಿರುಗುವ ರೋಟರು ಒಂದನೇ ವೈರಿನ ಕಡೆಗೆ ಮುಖ ಮಾಡಿರಬೇಕು ಎಂಬಷ್ಟು ಇವರಿಗೆ ಅರ್ಥವಾಯಿತು. ಆಮೇಲೆ ಅವನು ಆ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗು ಬಿಚ್ಚಿದ ತೂತಿಗೆ ಹೆಬ್ಬೆರಳು ಒತ್ತಿ ಏನೋ ಹೇಳಿದ, ಅದು ಅರ್ಥವಾಗಲಿಲ್ಲ. ನಂಜಯ್ಯ ಹೆಬ್ಬೆರಳಿನ ಬದಲು ಪೊರಕೆ ಕಡ್ಡಿಯೊಂದನ್ನು ತೂತಿಗೆ ಇಳಿಬಿಟ್ಟ. ಕಾರನ್ನು ಗೇರಿನಲ್ಲಿಟ್ಟು ಮೆಲ್ಲಗೆ ತಳ್ಳಿದರು. ಕಡ್ಡಿ ಮೇಲೆ ಬಂತು. ಬಂತು ಬಂತು ಎಂದ ನಂಜಯ್ಯ. ರೋಟರನ್ನು ಒಂದನೇ ವೈರಿಗೆ ಎದುರಾಗಿ ಕೂರಿಸಿ ಬಿಗಿದೇಬಿಟ್ಟರು.

ಪಿಸ್ಟನ್ನು ಮೇಲೆ ಬರುವುದು ಒಂದೇ ಕಾರಣಕ್ಕಲ್ಲ. ಒಂದು ಸಲ ಪೆಟ್ರೋಲು ಗಾಳಿಯನ್ನು ಒತ್ತಲು ಬರುತ್ತದೆ, ಇನ್ನೊಂದು ಸಲ ಸುಟ್ಟ ಹೊಗೆಯನ್ನು ಹೊರಗೆ ತಳ್ಳಲು ಬರುತ್ತದೆ. ಹೆಬ್ಬೆರಳಿಟ್ಟರೆ ಗಾಳಿಯ ಒತ್ತಿನಿಂದ ಯಾವುದಕ್ಕೆ ಬಂತು ಎಂದು ತಿಳಿಯುತ್ತದೆ, ಕಡ್ಡಿಗೆ ಏನು ತಿಳಿಯುತ್ತದೆ? ನಮ್ಮಲ್ಲೂ ಎಷ್ಟೋ ಜನ, ಮನೆಗೆ ಬಂದವರು ಕೊಡಲು ಬಂದರೋ ಕೇಳಲು ಬಂದರೋ ಎಂದು ನೋಡದೆ ಕಾಫಿಗೆ ಇಟ್ಟುಬಿಡುತ್ತಾರೆ. ಇವರಿಗೆ ಸಿಕ್ಕಿದ್ದು ಹೊಗೆ ತಳ್ಳಲು ಬಂದ ಪಿಸ್ಟನ್ನು. ಡಿಸ್ಟ್ರಿಬ್ಯೂಟರು ಸರಿಯಾಗಿ ಅರ್ಧ ಸುತ್ತು ತಪ್ಪಿ ಕೂತಿತು.

ಚೆಲುವರಾಜು ಕೀ ತಿರುಗಿಸಿದ. ಇಂಜಿನ್ನು ಕೆಮ್ಮಿತು, ಸೀನಿತು, ಆಮೇಲೆ ಸೈಲೆನ್ಸರಿನೊಳಗಿಂದ ಢಮ್ ಎಂದು ಗರ್ನಾಲು ಪಟಾಕಿ ಹೊಡೆದಂತೆ ಸಿಡಿಯಿತು. ತೆಂಗಿನಮರದ ಕಾಗೆಗಳೆಲ್ಲ ಎದ್ದವು.

ಕಾಡಂಚಿನ ಆ ಸೀಮೆಯಲ್ಲಿ ಹಗಲು ಹೊತ್ತು ಗರ್ನಾಲಿನ ಸದ್ದಾದರೆ ಅದಕ್ಕೆ ಒಂದೇ ಅರ್ಥ. ಆನೆ ಬಂದಿದೆ. ಎರಡನೇ ಢಮ್ಮಿಗೆ ಮೇಕೆಯವರು ಮೇಕೆ ಹೊಡೆದುಕೊಂಡು ಮನೆ ಸೇರಿದರು. ಮೂರನೆಯದಕ್ಕೆ ಶಾಲೆಯ ಗೇಟು ಹಾಕಿದರು. ಬಾಳೆತೋಟದಲ್ಲಿ ಒಂಟಿಸಲಗ ನಿಂತಿದ್ದನ್ನು ಕಣ್ಣಾರೆ ಕಂಡವರು ಒಬ್ಬರು ಹುಟ್ಟಿಕೊಂಡರು, ಅದರ ಹಿಂದೆ ಮರಿಯನ್ನು ಕಂಡವರು ಇನ್ನೊಬ್ಬರು. ಅರ್ಧ ಗಂಟೆಯೊಳಗೆ ಫಾರೆಸ್ಟ್ ವಾಚರ್ ಶಿವಶಂಕರ್ ಬೈಕಿನಲ್ಲಿ ಬಂದು, ಸದ್ದು ಈ ಬೀದಿಯಿಂದ ಬಂತಂತೆ, ಆನೆ ಯಾವ ಕಡೆ ಹೋಯಿತು ಎಂದು ವಿಚಾರಿಸಿದ.

ಆಗ ಚೆಲುವರಾಜು ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆನೆಯೂ ಇಲ್ಲ ಕುದುರೆಯೂ ಇಲ್ಲ, ನನ್ನ ಕಾರು ಸ್ಟಾರ್ಟಾಗುತ್ತಿಲ್ಲ ಎಂದು ಹೇಳಲು ಎಷ್ಟು ಹೊತ್ತು? ಆದರೆ ಕಾರು ತಂದಾಗ ಇಡೀ ಊರಿಗೆ ಸಿಹಿ ಹಂಚಿದ್ದವನು ಅವನು. ಬಾನೆಟ್ಟಿಗೆ ಒರಗಿ ನಿಂತು, ಗಂಭೀರವಾಗಿ, "ಒಳೆ ಕಡೀಕೆ ಓದಂಗಾಯ್ತು ಕಣಪ್ಪ" ಎಂದ. ಶಿವಶಂಕರ್ ಅದನ್ನು ಅಲ್ಲೇ ನಿಂತು ಮೊಬೈಲಿನ ಗುಂಪಿಗೆ ಹಾಕಿದ. ಕಟ್ಟೆಮಳಲವಾಡಿಯಲ್ಲಿ ಕಾಡಾನೆ, ಸಾರ್ವಜನಿಕರು ಎಚ್ಚರ ಎಂಬ ಸುದ್ದಿ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ಹ್ಯಾಂಡ್‌ಪೋಸ್ಟಿನ ಗೊಬ್ಬರದ ಅಂಗಡಿಗೂ ಹೋಯಿತು. ಅದೇ ಹೊತ್ತಿಗೆ ನಂಜಯ್ಯ ಒಳಗೆ ಕೂತು ಕೀ ತಿರುಗಿಸಿದ. ಢಮ್ ಎಂದ ರಭಸಕ್ಕೆ ಸರ್ಕಾರಿ ವಾಚರು ಹಾರಿ ದನಕ್ಕೆ ನೀರಿಡುವ ಕಲ್ಲುಬಾನಿಯ ಹಿಂದೆ ಕೂತ. ಎದ್ದವನು ಬಾಯಿಗೆ ಬಂದದ್ದು ಬೈದ, ಸುದ್ದಿಯನ್ನು ವಾಪಸ್ಸು ಪಡೆಯಲು ಹೋದರೆ ಮೇಲಿನವರು ತನ್ನನ್ನು ಬೈಯುತ್ತಾರೆ ಎಂದು ಹೊಳೆದು ಸುಮ್ಮನಾದ, ಆಮೇಲೆ ತೋಳು ಮಡಿಚಿಕೊಂಡು ಕಾರು ತಳ್ಳಲು ನಿಂತ. ತಳ್ಳುವ ಕಾರನ್ನು ಬಿಟ್ಟು ಹೋಗುವುದು ನಮ್ಮ ಗಂಡಸರಿಗೆ ಆಗುವುದಿಲ್ಲ.

ರಿಟೈರಾದ ಮೇಷ್ಟ್ರು ವೀರಭದ್ರಸ್ವಾಮಿಯವರು ಆಗಲಿಂದ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ರಿಟೈರಾದ ಮೇಲೆ ವಾಸ್ತು ಹಿಡಿದು, ಊರಿನ ಅರ್ಧ ಬಚ್ಚಲುಮನೆಗಳನ್ನು ಒಡೆಸಿ ಕಟ್ಟಿಸಿದವರು. ಬಂದು ಬಾನೆಟ್ಟಿನೊಳಗೆ ಬಗ್ಗಿ ನೋಡಿ, ನಿಮ್ಮ ರೋಟರಿನ ಮುಖ ನೈಋತ್ಯಕ್ಕಿದೆ, ಅದು ರಾಕ್ಷಸರ ಮೂಲೆ, ಈಶಾನ್ಯಕ್ಕೆ ತಿರುಗಿಸಿ, ದೇವಮೂಲೆ ಎಂದರು. ಚೆಲುವರಾಜುವಿಗೆ ನಗು ಬಂತು. ಇದು ಲ್ಯಾಕ್ಟೋಮೀಟರ್ ಹಿಡಿಯುವ ಕೈ ಮೇಷ್ಟ್ರೇ, ವಿಜ್ಞಾನ ಇರೋ ಕಡೆ ಮೂಢನಂಬಿಕೆ ತರಬೇಡಿ ಎಂದು ಅವರನ್ನು ಮತ್ತೆ ಜಗಲಿಗೆ ಕಳಿಸಿದ. ಅಂದು ಊರಿನಲ್ಲಿ ಯಾರಾದರೂ ಸರಿಯಾದ ಮಾತು ಆಡಿದ್ದರೆ ಅದು ಈ ಮೇಷ್ಟ್ರು, ಅದೂ ಪೂರ್ತಿ ತಪ್ಪು ಕಾರಣಕ್ಕೆ.

ಉಷಾರಾಣಿಯ ಫೋನು ಬರುತ್ತಲೇ ಇತ್ತು. ಹುಣಸೂರಿನಲ್ಲಿದ್ದೀನಿ ಎಂದ. ಹುಣಸೂರು ದಾಟಿದೆ ಎಂದ. ಹ್ಯಾಂಡ್‌ಪೋಸ್ಟ್ ಹತ್ತಿರಕ್ಕೆ ಬಂದೆ, ಬಂದೇಬಿಟ್ಟೆ ಎಂದ. ಹಿಂದುಗಡೆ ನಂಜಯ್ಯ ತಳ್ಳಿ ತಳ್ಳಿ ಎನ್ನುವುದು, ಮೇಷ್ಟ್ರು ಈಶಾನ್ಯ ಈಶಾನ್ಯ ಎನ್ನುವುದು ಆ ಹುಡುಗಿಗೆ ಚೆನ್ನಾಗಿ ಕೇಳುತ್ತಿತ್ತು. ಕೊನೆಗೆ ಅವಳು, "ಆಯ್ತು ಬುಡಣ್ಣ" ಎಂದಷ್ಟೇ ಹೇಳಿ ಫೋನು ಇಟ್ಟಳು. ನೋಡಿದ್ಯಾ, ತಂಗಿ ಅಂದರೆ ಹೀಗೆ ತಾಳ್ಮೆ ಇರಬೇಕು ಎಂದು ಚೆಲುವರಾಜು ಹೆಂಡತಿಗೆ ಬುದ್ಧಿ ಹೇಳಿದ. ಸುನಂದಮ್ಮ ಅವನ ಮುಖವನ್ನೇ ನೋಡಿ, ಅನ್ನಕ್ಕೆ ಇಡಲು ಒಳಗೆ ಹೋದಳು.

ಸಂಜೆ ಹೊತ್ತಿಗೆ ಇಸ್ತ್ರಿ ಅಂಗಿ ಒರಸುವ ಬಟ್ಟೆಯಾಗಿತ್ತು, ಬ್ಯಾಟರಿ ಸಾಯುವ ಹಾಗಿತ್ತು, ವಿಜ್ಞಾನ ಮುಗಿದಿತ್ತು. ಮೇಷ್ಟ್ರು ಇನ್ನೂ ಕೂತಿದ್ದರು. ಏನಾದರೂ ಮಾಡಿಕೊಳ್ಳಿ ಎಂದು ಚೆಲುವರಾಜು ಸ್ಪ್ಯಾನರನ್ನು ಅವರ ಕೈಗೆ ಕೊಟ್ಟ. ನೈಋತ್ಯದಿಂದ ಈಶಾನ್ಯಕ್ಕೆ ಎಷ್ಟು? ಸರಿಯಾಗಿ ಅರ್ಧ ಸುತ್ತು. ಮೇಷ್ಟ್ರು ಡಿಸ್ಟ್ರಿಬ್ಯೂಟರನ್ನು ಎತ್ತಿ, ದೇವಮೂಲೆಗೆ ಮುಖ ಮಾಡಿಸಿ, ಕಣ್ಣಿಗೊತ್ತಿಕೊಂಡು ಇಳಿಸಿದರು. ಮೂವರು ತಳ್ಳಿದರು. ಕಾರು ಒಂದು ಸಲ ಕುಲುಕಿ, ಗುರ್ ಎಂದು ಎದ್ದು ನಿಂತಿತು. ಮೇಷ್ಟ್ರ ಕಾಲಿಗೆ ನಂಜಯ್ಯ ಬಿದ್ದ. ಅಂದಿನಿಂದ ಆ ಊರಿನಲ್ಲಿ ಮೋಟಾರು ಪಂಪು ಕೂರಿಸುವವರೂ ದಿಕ್ಕು ಕೇಳಿಕೊಂಡೇ ಕೂರಿಸುತ್ತಾರೆ.

ಆ ಸಂಭ್ರಮದಲ್ಲೇ ಊರ ಬಸ್ಸು ಬಂದು ನಿಂತಿತು. ಅದರಿಂದ ಉಷಾರಾಣಿ ಇಳಿದಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈ ಸೊಂಟದ ಮೇಲೆ, ತಲೆಯ ಹೂವು ಬಾಡಿ ಕುತ್ತಿಗೆಗೆ ಅಂಟಿತ್ತು. ತುಂಬಿದ ಬಸುರಿ ಒಬ್ಬಳೇ ಬ್ಯಾಗು ಹಿಡಿದು ಬಂದದ್ದನ್ನು ಕಂಡು ಬೀದಿಯವರು ಬಾಗಿಲಿಗೆ ಬಂದರು. ನಂಜಯ್ಯನೇ ಮೊದಲು ಮೆಲ್ಲಗೆ ಅಂದ, "ಗಂಡನ ಮನೇರು ಆಚೆ ಆಕವ್ರೆ ಕಣ್ಲಾ."

ಚೆಲುವರಾಜು ಸ್ಟೀರಿಂಗ್ ಹಿಡಿದು ಕೂತಿದ್ದ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜಿನ್ನು ನಿಲ್ಲುತ್ತದೆಂದು ತಂಗಿಯ ಕೈಯಿಂದ ಬ್ಯಾಗು ಇಸಕೊಳ್ಳಲೂ ಇಳಿಯಲಿಲ್ಲ. ಆದರೆ ನಂಜಯ್ಯನ ಮಾತು ಅವನಿಗೆ ಹಿಡಿಸಿತು. ಬೆಳಗಿನಿಂದ ತಾನು ಹೊತ್ತಿದ್ದ ತಪ್ಪನ್ನು ಇಳಿಸಲು ಒಂದು ಜಾಗ ಸಿಕ್ಕಂತಾಯಿತು. ತವರಿನವರು ಬರುವ ತನಕ ಕಾಯುವ ವ್ಯವಧಾನವಿಲ್ಲದೆ ಬಸುರಿ ಹೆಂಗಸನ್ನು ಬಸ್ಸಿಗೆ ಹತ್ತಿಸಿದರಲ್ಲ, ಇವರೂ ಮನುಷ್ಯರಾ, ಬನ್ನಿ ಈಗಲೇ ಹೋಗಿ ನ್ಯಾಯ ಕೇಳೋಣ, ಕಾರು ಹೆಂಗೂ ರೆಡಿ ಇದೆ ಎಂದು ಕೂಗಾಡಿದ. ನಂಜಯ್ಯ, ಶಿವಶಂಕರ್ ಇಬ್ಬರೂ ನ್ಯಾಯಕ್ಕಾಗಿ ಹಿಂದಿನ ಸೀಟು ಹತ್ತಿ ಕೂತರು.

ಉಷಾರಾಣಿ ಕಾರಿನ ಕಿಟಕಿಗೆ ಕೈ ಊರಿ ನಿಂತಳು. ಅವರು ಏನೂ ಮಾಡಿಲ್ಲ ಎಂದಳು. ಗಂಡ ಗೊಬ್ಬರದ ಲೋಡು ತರಲು ಹೋಗಿದ್ದನಂತೆ, ಬಾಡಿಗೆ ಕಾರು ತರಿಸುತ್ತೇನೆ ಎಂದು ಮಾವ ಎರಡು ಸಲ ಹೇಳಿದರಂತೆ. ಆನೆ ಸುದ್ದಿ ಬಂದ ಮೇಲೆ ಹೋಗುವುದೇ ಬೇಡ ಎಂದರಂತೆ. ಅವರು ಮಾಡಿಸಿದ ಕಾರಿನಲ್ಲಿ ಬಂದು ಇಳಿದರೆ ಅಣ್ಣನಿಗೆ ಅವಮಾನ, ಬಾರದಿದ್ದರೆ ಬಾಣಂತನಕ್ಕೆ ತವರೇ ಇಲ್ಲ ಎನ್ನಿಸಿಕೊಳ್ಳಬೇಕು. ಅದಕ್ಕೇ ಅಣ್ಣ ಕಾರು ತಂದು ಸರ್ಕಲ್ಲಿನಲ್ಲಿ ಕಾಯುತ್ತಿದ್ದಾನೆ, ಈ ಗಲ್ಲಿಯಲ್ಲಿ ಕಾರು ತಿರುಗುವುದಿಲ್ಲವಂತೆ ಎಂದು ಸುಳ್ಳು ಹೇಳಿ ಒಬ್ಬಳೇ ನಡೆದುಕೊಂಡು ಸ್ಟ್ಯಾಂಡಿಗೆ ಬಂದಿದ್ದಳು.

"ಮಾವ ಫೋನ್ ಮಾಡುದ್ರೆ ಊಂ ಅನ್ನು, ಸಾಕು. ಜಾಸ್ತಿ ಮಾತಾಡ್ಬೇಡ ಕಣಣ್ಣ," ಎಂದಳು. ಹೋಗಿ ಜಗಲಿಯ ಮೇಲೆ ಕೂತಳು. ಸುನಂದಮ್ಮ ನೀರು ತಂದು ಕೊಟ್ಟು, ಅವಳ ಪಾದ ಒತ್ತತೊಡಗಿದಳು. ಪಾದಗಳು ಊದಿಕೊಂಡಿದ್ದವು.

ಅಷ್ಟರಲ್ಲೇ ಫೋನು ಬಂತು. ಇಂಜಿನ್ನಿನ ಗದ್ದಲದಲ್ಲಿ ಏನೂ ಕೇಳದೆ ಚೆಲುವರಾಜು ಸ್ಪೀಕರ್ ಹಾಕಿದ. ಹುಡುಗಿ ಬಂದಳಾ ಎಂದು ನಿಂಗಯ್ಯನವರು ಕೇಳಿದರು.

ಊಂ ಎಂದರೆ ಮುಗಿಯುತ್ತಿತ್ತು. ಚೆಲುವರಾಜು ಊಂ ಎಂದ, ಆಮೇಲೆ ಅವನಿಂದ ನಿಲ್ಲಿಸಲಾಗಲಿಲ್ಲ. ಬಂದಳಾ ಎಂದರೆ ಏನು ಬೀಗರೇ, ರಾಣಿ ಹಾಗೆ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದೆ ಎಂದ. ಹುಣಸೂರಿನಲ್ಲಿ ನಿಲ್ಲಿಸಿ ಎಳನೀರು ಕುಡಿಸಿದೆ ಎಂದ. ದಾರಿಯಲ್ಲಿ ಆನೆ ಅಡ್ಡ ಬಂದಿತ್ತು, ಹಾರನ್ ಹೊಡೆದೆ, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು ಎಂದ. ಇದನ್ನು ಕೇಳಿ ಹಿಂದೆ ಕೂತಿದ್ದ ವಾಚರಿಗೇ ಕೆಮ್ಮು ಬಂತು. "ಟೆಂಪೋ ಅಲ್ಲ ಬೀಗ್ರೆ," ಎಂದು ಚೆಲುವರಾಜು ಆಕ್ಸಿಲರೇಟರ್ ಒತ್ತಿದ, "ಸದ್ದು ಕೇಳುಸ್ತಾ? ನಮ್ದೇ ಕಾರು."

ಆ ಕಡೆ ಬಸ್ಸೊಂದು ಹಾರನ್ ಹೊಡೆಯಿತು. ಯಾರೋ ಮಡಿಕೇರಿ ಮಡಿಕೇರಿ ಎಂದು ಕೂಗುವುದು ಕೇಳುತ್ತಿತ್ತು. ಎಲ್ಲಿದ್ದೀರಿ ಬೀಗರೇ, ಏನು ಗಲಾಟೆ ಎಂದು ಚೆಲುವರಾಜು ಕೇಳಿದ.

"ಉಣಸೂರ್ ಸ್ಟ್ಯಾಂಡಲ್ಲಿ ಅವ್ನಿ ಕಣಪ್ಪ," ಎಂದರು ನಿಂಗಯ್ಯನವರು. "ನಿಮ್ಮೂರ್ಗೆ ಆನೆ ಬಂದದೆ ಅಂತ ಮೊಬೈಲಲ್ ಬಂತು. ಇಂದೇನೇ ಸ್ಟ್ಯಾಂಡಿಗ್ ಬಂದ್ ನೋಡುದ್ರೆ ಈ ಮಗ ತಾನೊಂದೇ ಬಸ್ ಅತ್ತದೆ. ಎಂಗ್ ಬುಡ್ಲಿ? ನಾನೂ ಇಂದ್ಗಡೆ ಬಾಗ್ಲಲ್ಲಿ ಅತ್ಕಂಡು, ತಲೆ ಮ್ಯಾಲೆ ಟವಲ್ ಆಕ್ಕಂಡು ನಿಂತ್ಕಂಡ್ ಬಂದೆ. ನಿಮ್ಮೂರ್ ಬಸ್ ಅತ್ತೋಗಂಟ ನೋಡ್ಕಂಡೆ. ನಾನು ಅಲ್ಲೀಗಂಟ ಬಂದ್ರೆ ನಿನಗೆ ನಾಚ್ಕೆ ಆಯ್ತದೆ ಅಂತ ಇಲ್ಲೇ ನಿಂತೆ."

ಚೆಲುವರಾಜು ಸ್ಪೀಕರ್ ಆಫ್ ಮಾಡಲು ಬೆರಳು ಹಾಕಿದ. ಬೆರಳಿಗೆಲ್ಲ ಗ್ರೀಸು, ಫೋನು ಮಾತು ಕೇಳಲಿಲ್ಲ.

"ನಾನ್ ನೋಡುದ್ದನ್ನ ಆ ಮಗೀಗೆ ಏಳ್ಬ್ಯಾಡ, ನೊಂದ್ಕತದೆ. ಮನೆಗ್ ಬಂದಾಗಿಂದ ನಮ್ಮತ್ರ ಒಂದ್ ಸುಳ್ ಏಳಿರ್ನಿಲ್ಲ. ಇವತ್ ಏಳ್ತು, ನಿನ್ನ ಮರ್ವಾದಿಗೆ. ಆ ಕಾರ್ ಆಫ್ ಮಾಡಪ್ಪ, ಮಗೀಗೆ ಸುಸ್ತಾಗ್ಬುಟ್ಟದೆ, ಮಲೀಕಳ್ಳಿ."

ಚೆಲುವರಾಜು ಕೀ ತಿರುಗಿಸಿದ. ಇಂಜಿನ್ನು ನಿಂತಿತು. ನ್ಯಾಯ ಕೇಳಲು ಹತ್ತಿದ್ದ ಇಬ್ಬರೂ ಆ ಕಡೆಯ ಬಾಗಿಲಿನಿಂದ ಇಳಿದು, ಚಪ್ಪಲಿ ಸದ್ದಾಗದಂತೆ ಮನೆಗೆ ಹೋದರು. ಮೇಷ್ಟ್ರು ಅವರಿಗಿಂತ ಮೊದಲೇ ಹೋಗಿದ್ದರು. ಉಷಾರಾಣಿ ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೆರಗಿನಿಂದ ಮುಖ ಒರಸಿಕೊಂಡಳು.

"ಮಾವ ಬೆಳಿಗ್ಗೆಯಿಂದ ಉಂಡಿಲ್ಲ ಕಣಣ್ಣ. ನನ್ನ ಕಳ್ಸುದ್ ಮ್ಯಾಲೆ ಉಣ್ತೀನಿ ಅಂತಿದ್ರು," ಎಂದಳು. "ಓಗಿ ಕರ್ಕಂಡ್ ಬಾ. ಬಸ್ಸು ತಿರುಗ್ಕಂಡ್ ಈಗ್ಲೇ ಬತ್ತದೆ."

"ಬಸ್ ಯಾಕವ್ವ?" ಎಂದ ಚೆಲುವರಾಜು. "ಕಾರಲ್ಲೇ ಓಯ್ತೀನಿ. ಒಂದೇ ನಿಮಿಸ."

ಕೀ ತಿರುಗಿಸಿದ. ಟಕ್ ಎಂದಿತು. ಮತ್ತೆ ತಿರುಗಿಸಿದ. ಅದೂ ಎನ್ನಲಿಲ್ಲ. ಇಳಿದು ಬಾನೆಟ್ ಎತ್ತಿ ತಲೆ ಒಳಗೆ ಹಾಕಿದ. ಮುಂದಿನ ಊರಿಗೆ ಹೋಗಿದ್ದ ಬಸ್ಸು ತಿರುಗಿಕೊಂಡು ಬರುವ ಸದ್ದು ಕೇಳಿತು. ಸುನಂದಮ್ಮ ನಾದಿನಿಗೆ ತಟ್ಟೆ ಹಾಕಿ, ಸಾರು ಒಲೆಯ ಮೇಲಿದೆ ಬಡಿಸಿಕೋ ಎಂದು ಹೇಳಿ, ಗೂಟದಲ್ಲಿದ್ದ ವ್ಯಾನಿಟಿ ಬ್ಯಾಗು ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಗಂಡನ ಪಕ್ಕದಲ್ಲೇ ಹಾದು ಹೋದಳು. ಬಸ್ಸು ನಿಂತಿತು, ಅವಳನ್ನು ಹತ್ತಿಸಿಕೊಂಡು ಹೊರಟಿತು. ಕತ್ತಲಾಗುತ್ತಿತ್ತು.

"ಸುನಂದಾ," ಎಂದು ಬಾನೆಟ್ಟಿನೊಳಗಿಂದ ಚೆಲುವರಾಜು ಕೂಗಿದ, "ಟಾರ್ಚ್ ಎಲ್ ಮಡಗಿದ್ದೀಯೆ?"